ಡಿಪ್ಲೊಮಾಕ್ಕೆ ಹೋದ ನನ್ನ ಕುರಿಗಳು

ತಂಗಿ ಫೋನ್ ಮಾಡುವವಳಲ್ಲ. ಹೇಳುವುದಿದ್ದರೆ ಮಾತನ್ನು ರೆಕಾರ್ಡ್ ಮಾಡಿ ಕಳಿಸುತ್ತಾಳೆ, ಅದೂ ಹಿಂದೆ ಕುರಿಗಳ ಒದರಾಟದ ಸಮೇತ. ಹಾಗಾಗಿ ಕಳೆದ ಜೂನಿನಲ್ಲಿ, ಸೋಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ನಮ್ಮ ಕಾರ್ಖಾನೆಯಲ್ಲಿ ನಾನು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಅವಳ ಫೋನ್ ಬಂದಾಗ, ರೊಟ್ಟಿ ಮುರಿಯುವ ಮೊದಲೇ ನನಗೆ ಅನುಮಾನ ಬಂತು.

“ಅಕ್ಕಾ, ಅಪ್ಪ ಬ್ಯಾಡ ಅಂದಾನ.”

“ಏನ ಬ್ಯಾಡ?”

“ಡಿಪ್ಲೊಮಾ. ನನ್ನ ಕುರಿ ಮಾರಂಗಿಲ್ಲಂತ. ಫಾರ್ಮ್ ತುಂಬೂದು ಮುಂದಿನ ವಾರಕ್ಕ ಮುಗೀತದ. ನೀ ಬಂದು ಹೇಳಿದ್ರ ಕೇಳ್ತಾನ.”

ಅವಳು ನಮ್ಮೂರು ವಾಗದರಿಯ ಶಾಲೆಯಲ್ಲಿ ಹತ್ತನೆಯದನ್ನು ಆಗಷ್ಟೇ ಮುಗಿಸಿದ್ದಳು. ನನಗಿಂತ ಹೆಚ್ಚು ಅಂಕ ಬಂದಿದ್ದವು. ನಾನು ಮಾಡಿದ್ದನ್ನೇ ಮಾಡಬೇಕೆಂದು ಅವಳ ಆಸೆ: ಸೋಲಾಪುರಕ್ಕೆ ಹೋಗಿ ಮೂರು ವರ್ಷದ ಮೆಕ್ಯಾನಿಕಲ್ ಡಿಪ್ಲೊಮಾ.

ಅವಳ ಕುರಿ ಎಂದರೆ ಏನು ಎಂಬುದನ್ನು ಹೇಳಬೇಕು. ನಮ್ಮದು ಹೊಲವೂ ಕುರಿಯೂ ಇರುವ ಮನೆತನ. ಮನೆಯಲ್ಲಿ ಹೆಣ್ಣು ಹುಟ್ಟಿದರೆ ಅವಳ ಹೆಸರಿಗೆ ಒಂದು ಹೆಣ್ಣುಮರಿ ಬಿಡುತ್ತಾರೆ. ಅದರ ಕಿವಿಗೆ ಅವಳದೇ ಒಂದು ಗುರುತು ಕತ್ತರಿಸುತ್ತಾರೆ. ಆ ಮರಿ ಬೆಳೆದು ಈದದ್ದು, ಈದದ್ದು ಮತ್ತೆ ಈದದ್ದು, ಎಲ್ಲ ಅವಳದೇ. ಗಂಡುಮರಿ ಮಾರಿ ಮನೆಖರ್ಚಿಗೆ ಹಾಕಿಕೊಳ್ಳಬಹುದು, ಹೆಣ್ಣುಕುರಿಗೆ ಮಾತ್ರ ಯಾರೂ ಕೈ ಹಾಕುವಂತಿಲ್ಲ. ಮದುವೆಯಾಗಿ ಹೋಗುವಾಗ ಅವಳ ಪಾಲು ಹಿಂಡಿನಿಂದ ಒಡೆದು ಅವಳ ಹಿಂದೆಯೇ ಹೊರಡುತ್ತದೆ. ಗಂಡನ ಮನೆಯಲ್ಲಿ ಅವಳ ಮಾತಿಗೆ ತೂಕ ಬರುವುದು ಆ ಕುರಿಗಳಿಂದಲೇ. ನನ್ನ ಕುರಿಗಳು ನನ್ನ ಹಿಂದೆ ಬರಲಿಲ್ಲ, ಡಿಪ್ಲೊಮಾಕ್ಕೆ ಹೋದವು. ಈಗ ತಂಗಿಯವು ಹೋಗಬೇಕು, ಅಪ್ಪ ಒಲ್ಲೆ ಎನ್ನುತ್ತಿದ್ದ.

ನಾನು ಸಂಶಯದ ಹೆಂಗಸು, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಮನೆಯಲ್ಲಿ ಅದು ಗುಣ, ದೋಷವಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಬೇರೆ. ಕುರಿ ಈಯಿತು ಎಂದರೂ ನಮ್ಮಪ್ಪ ಹೋಗಿ ಬಾಲ ಎತ್ತಿ ನೋಡುವವನು. ನಾನು ಅವನ ಮಗಳು. ಆದ್ದರಿಂದ ಫೋನ್ ಇಟ್ಟ ಕೂಡಲೇ ಲೆಕ್ಕ ಹಾಕಿದೆ. ಹೋದ ದೀಪಾವಳಿಗೆ ಹನ್ನೂರಿನ ಕುರಿ ವ್ಯಾಪಾರಿ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗಿದ್ದ. ಚಹಾ ಕುಡಿಯಲೆಂದು ಯಾರೂ ಹನ್ನೂರಿನಿಂದ ವಾಗದರಿಗೆ ಬರುವುದಿಲ್ಲ. ಹಿಂದೆ ನನ್ನ ಕುರಿಗಳನ್ನು ಕೊಂಡವನೂ ಅವನೇ. ಅವನಿಗೊಬ್ಬ ಮಗನಿದ್ದಾನೆ. ಈಗ ಮಾತು, ಹುಡುಗಿಗೆ ಹದಿನೆಂಟು ತುಂಬಿದ ಕೂಡಲೇ ಅಕ್ಷತೆ, ತಂಗಿಯ ಕುರಿಗಳೆಲ್ಲ ಅವನ ದೊಡ್ಡಿಗೆ. ಅದಕ್ಕೇ ಅಪ್ಪನಿಗೆ ಡಿಪ್ಲೊಮಾ ಬೇಡವಾಗಿದೆ ಎಂದು ತೀರ್ಮಾನಿಸಿದೆ. ಊಟ ಸೇರಲಿಲ್ಲ. ರವಿವಾರ ಬೆಳಿಗ್ಗೆಯೇ ಅಕ್ಕಲಕೋಟದ ಮೇಲಿಂದ ಊರಿಗೆ ಹೋಗುವ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತು ನಾನು ಹತ್ತನೆಯದು ಮುಗಿಸಿದ ವರ್ಷವನ್ನು ನೆನೆಸಿಕೊಂಡೆ. ಆಗ ತಂಗಿ ಇನ್ನೂ ಅವ್ವನ ಸೆರಗು ಹಿಡಿದುಕೊಂಡು ಓಡಾಡುತ್ತಿದ್ದಳು. ನನ್ನ ಫಲಿತಾಂಶ ಬರುವುದಕ್ಕೂ ಮುಂಚೆ, ಯಾವುದೋ ಖಾಸಗಿ ಕಾಲೇಜಿನ ಇಬ್ಬರು ಮಾಸ್ತರರು ಮೋಟರ್ ಸೈಕಲ್ ಮೇಲೆ ನಮ್ಮ ದೊಡ್ಡಿಗೆ ಬಂದಿದ್ದರು. ಬಿಳಿ ಅಂಗಿ, ಕೈಯಲ್ಲಿ ಬಣ್ಣದ ಕಾಗದಗಳು. ಫೀ ಇಲ್ಲ, ಬಸ್ಸು ಮನೆ ಬಾಗಿಲಿಗೆ, ಓದು ಮುಗಿದ ಮರುದಿನ ನೋಕರಿ ಎಂದು ಮರಾಠಿಯಲ್ಲಿ ಹೇಳಿದರು. ಅಪ್ಪ ಅವರಿಗೆ ಕಂಬಳಿ ಹಾಸಿ ಕೂರಿಸಿ, ಹಾಲು ಕೊಟ್ಟು, ಎಲ್ಲದಕ್ಕೂ ತಲೆಯಾಡಿಸಿದ. ಅವರು ಹೋದ ಮೇಲೆ ಅಂದ: “ಕರೀಲಾರದ ಮನಿಗಿ ಬಂದು ಕುರಿ ಫುಕಟ ಕೊಡ್ತೀನಿ ಅನ್ನಾವನ ಕುರಿಗಿ ರೋಗ ಇರ್ತದ.”

ಆಮೇಲೆ ತಿಳಿಯಿತು, ಸರಕಾರಿ ಕಾಲೇಜಿನಲ್ಲೂ ನಮ್ಮ ಜಾತಿಯ ಸರ್ಟಿಫಿಕೇಟಿಗೆ ಫೀ ಬಹಳ ಕಡಿಮೆ ಎಂದು. ಇದರಿಂದ ಅಪ್ಪನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಸಂಶಯ ಎರಡು ಪಟ್ಟಾಯಿತು. “ಇಬ್ಬರೂ ಫುಕಟ ಅಂತಾರ. ಹಂಗಾದ್ರ ಖರ್ಚ ಎಲ್ಲಿ ಬೀಳ್ತದ?” ಎಂದು ಕೇಳುತ್ತ ತಿರುಗಿದ. ಖರ್ಚು ಎಲ್ಲಿ ಬೀಳುತ್ತದೆಂದು ಕೊನೆಗೆ ಅವನೇ ಹುಡುಕಿದ. ಮೂರು ವರ್ಷ ಸೋಲಾಪುರದಲ್ಲಿ ಉಣ್ಣಬೇಕು, ಇರಬೇಕು, ಬಸ್ಸಿಗೆ ಕೊಡಬೇಕು. ಪುಸ್ತಕ, ಡ್ರಾಯಿಂಗ್ ಹಲಗೆ, ವರ್ಕ್‌ಶಾಪಿನ ಬೂಟು. ಇಲ್ಲಿ ಕುರಿಯ ಹಿಂದೆ ಒಂದು ಜೋಡಿ ಕಾಲು ಕಡಿಮೆ. ಎಲ್ಲಕ್ಕಿಂತ ದೊಡ್ಡದೆಂದರೆ, ಮಾರಿದ ಕುರಿ ನಮ್ಮ ದೊಡ್ಡಿಯಲ್ಲಿ ಈಯುವುದಿಲ್ಲ. ಇದನ್ನು ಅವನು ಅವ್ವನಿಗೆ ಬೆರಳು ಮಡಿಸಿ ಮಡಿಸಿ ಹೇಳಿದ. “ಕುರಿ ಮಲಕೊಂಡಾಗೂ ಬೆಳೀತದ. ಕಾಗದ ಈಯಂಗಿಲ್ಲ.” ಕಾಲೇಜಿನ ಯಾವ ಮಾಸ್ತರನೂ ಈ ಖರ್ಚನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಇನ್ನು ಲಾಭ. ಟಗರು ಕೊಳ್ಳುವವನು ಟಗರನ್ನಷ್ಟೇ ನೋಡಿ ಬರಬಾರದು, ಅದಕ್ಕೆ ಹುಟ್ಟಿದ ಮರಿಗಳನ್ನು ನೋಡಬೇಕು ಎಂಬುದು ನಮ್ಮವರ ಪದ್ಧತಿ. ಅಪ್ಪ ನನ್ನನ್ನು ಕರೆದುಕೊಂಡು ನೇರ ಚಿಂಚೋಳಿಗೆ ಬಂದ. ಕಾಲೇಜಿಗಲ್ಲ, ಕಾರ್ಖಾನೆಯ ಗೇಟಿಗೆ. ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ಹಣೆಗೆ ನಮ್ಮ ಮನೆದೇವರು ಬೀರೋಬಾನ ಭಂಡಾರ. ಪಾಳಿ ಬಿಟ್ಟು ಹೊರಗೆ ಬರುತ್ತಿದ್ದ ಹುಡುಗರನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳತೊಡಗಿದ: ನೀ ಡಿಪ್ಲೊಮಾ ಏನಪಾ? ಏನ ಕೆಲಸ? ಪಗಾರ ಎಷ್ಟ? ಕಾಯಂ ಅದಿಯೋ, ಠೇಕೇದಾರನ ಕೈಯಾಗೋ? ನನಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನಿಸಿತು. ಒಬ್ಬ ಡಿಪ್ಲೊಮಾದವನು ಟವೆಲ್ಲುಗಳನ್ನು ಡಬ್ಬಿಗೆ ತುಂಬುತ್ತಿದ್ದ. ಇನ್ನೊಬ್ಬ, ಹತ್ತನೆಯದರಲ್ಲಿ ನಪಾಸಾದ ತನ್ನ ದೋಸ್ತನಷ್ಟೇ ಪಗಾರ ತೆಗೆದುಕೊಳ್ಳುತ್ತಿದ್ದ. ಮೂರನೆಯವನು ನನ್ನ ಮುಖ ನೋಡಿ, “ಕಾಕಾ, ಬ್ಯಾಡ್ರಿ, ಡಿಗ್ರಿ ಮಾಡಸ್ರಿ, ಇಲ್ಲಾಂದ್ರ ಏನೂ ಮಾಡಸಬ್ಯಾಡ್ರಿ” ಎಂದು ಹೇಳಿ ಸೈಕಲ್ ಹತ್ತಿದ.

ಅಪ್ಪ ಗೆದ್ದವನಂತೆ ರಸ್ತೆಯ ಕಡೆ ನಡೆದ. ನನಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. “ಅಪ್ಪಾ, ಸಂತಿ ಮುಗಿಯೂ ಹೊತ್ತಿಗಿ ಉಳದ ಕುರಿ ನೋಡಿ ಇಡೀ ಹಿಂಡಿಗಿ ಬೆಲಿ ಕಟ್ತಾರೇನು? ಛಲೋ ಇದ್ದವು ಮುಂಜಾನೇ ಹೋಗಿರ್ತಾವ” ಅಂದೆ.

ಅಪ್ಪ ನಿಂತ. “ಛಲೋ ಇದ್ದವು ಎಲ್ಲಿ ಹ್ವಾದ್ವು?”

“ಪುಣೆಕ್ಕ. ಇಲ್ಲೇ ಒಳಗೂ ಇದ್ದಾರು, ಇನ್ನೂ ಹೊರಗ ಬಂದಿರಂಗಿಲ್ಲ.”

“ನೀ ನೋಡೀಯೇನು?”

“ಇಲ್ಲ.”

“ನೋಡಲಾರದ ಮಾಲಿಗಿ ಬೆಲಿ ಕಟ್ಟಬಾರದವ್ವಾ.”

ಅವನು ಹೇಳಿದ್ದೂ ಸುಳ್ಳಲ್ಲ, ನಾನು ಹೇಳಿದ್ದೂ ಸುಳ್ಳಲ್ಲ. ಅಪ್ಪ ನನ್ನನ್ನು ಸೋಲಾಪುರದ ಬಸ್ ಸ್ಟ್ಯಾಂಡಿಗೆ ಕರೆತಂದ. ಅಲ್ಲಿ ಭಜಿ ಕೊಡಿಸಿ, “ನಿನ್ನ ಕುರಿ, ನಿನ್ನ ಬೇಪಾರ. ನನ್ನದೊಂದ ಕುರಿ ಇದಕ್ಕ ಹಾಕಂಗಿಲ್ಲ” ಅಂದ. ಇಷ್ಟು ಸಲೀಸಾಗಿ ಒಪ್ಪಿದನಲ್ಲ, ಇದರಲ್ಲೇನೋ ಇದೆ ಎಂದು ನನಗೆ ಭಜಿ ರುಚಿಸಲಿಲ್ಲ. ನನ್ನ ಮದುವೆಗೆ ಕುರಿ ಕೊಡುವುದು ತಪ್ಪಿತೆಂದು ಒಳಗೊಳಗೇ ಖುಷಿಯಾಗಿರಬೇಕು ಎಂದುಕೊಂಡೆ.

ಹನ್ನೂರಿನ ವ್ಯಾಪಾರಿ ಬಂದ. ಅಪ್ಪನೂ ಅವನೂ ಟವೆಲ್ಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ಹಿಡಿದು ಬೆಲೆ ಮುಗಿಸಿದರು. ನನ್ನ ಬೇಪಾರವಾದರೂ ಬೆರಳು ಅವರವೇ. ವ್ಯಾಪಾರಿ ಕುರಿಗಳನ್ನು ಹೊಡೆದುಕೊಂಡು ಊರ ಮುಂದೆ ಹೋಗುವಾಗ ಕಂಡಕಂಡವರಿಗೆ ಗಟ್ಟಿಯಾಗಿ ಹೇಳಿದ: “ಏನ ತಗೊಂಡ್ನೋ ಏನೋ! ಬರೇ ಎಲುಬ ಅದಾವ. ರೊಕ್ಕ ನೀರಿಗಿ ಹಾಕಿದಂಗ ಆತು.” ನಾನು ಕೆರಳಿದೆ. ಅಪ್ಪ ನಕ್ಕ. ಕೊಂಡವನು ಹೀಗೆ ಬೈದನೆಂದರೆ ಮಾಲು ಮನಸ್ಸಿಗೆ ಬಂದಿದೆ ಎಂದರ್ಥವಂತೆ. ಕೊಂಡದ್ದನ್ನು ಹೊಗಳಿದರೆ ದೃಷ್ಟಿ ತಾಗುತ್ತದೆ, ಅದಕ್ಕೆ ನಮ್ಮ ಜನ ಒಳ್ಳೆಯದು ಸಿಕ್ಕಷ್ಟೂ ಹೆಚ್ಚು ಬೈಯುತ್ತಾರೆ. ಅಪ್ಪನೂ ಸಂತೆಯಿಂದ ಭಾರಿ ಟಗರು ತಂದ ದಿನ ಮುಖ ಸಣ್ಣಗೆ ಮಾಡಿಕೊಂಡೇ ಮನೆಗೆ ಬರುತ್ತಿದ್ದ.

ಸೋಲಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದಿದೆ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಕಾಲೇಜಿನಲ್ಲಿ ಮಾಸ್ತರರು ಮಾತಾಡುವುದು ಮರಾಠಿ, ಪುಸ್ತಕ ಇಂಗ್ಲಿಷು. ಮೊದಲ ವರ್ಷ ಗಣಿತದಲ್ಲಿ ನಪಾಸು. ಮತ್ತೆ ಕಟ್ಟಿದೆ, ಮತ್ತೆ ನಪಾಸು. ಆಗ ಪ್ರತಿ ರಾತ್ರಿ ಕಣ್ಣು ಮುಚ್ಚಿದರೆ ಕುರಿಗಳೇ ಬರುತ್ತಿದ್ದವು, ಈ ಗಣಿತಕ್ಕೆ ಯಾವ ಕುರಿ ಹೋಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಮೂರನೆಯ ಸಲ ಪಾಸಾದೆ. ಕೊನೆಗೆ ಕೈಗೆ ಡಿಪ್ಲೊಮಾ ಬಂತು, ಮರುದಿನದ ನೋಕರಿ ಬರಲಿಲ್ಲ. ಬಂದದ್ದು ಠೇಕೇದಾರನ ಕೈಕೆಳಗಿನ ಗುತ್ತಿಗೆ ಕೆಲಸ, ಅಪ್ಪ ಗೇಟಿನಲ್ಲಿ ನಿಲ್ಲಿಸಿ ಕೇಳಿದ ಹುಡುಗರದ್ದೇ ಪಗಾರ. ಐಟಿಐ ಮಾಡಿದ ಹುಡುಗಿಯೊಬ್ಬಳು ನನಗಿಂತ ಮೊದಲೇ ಅಲ್ಲಿ ಸೇರಿ ನನಗಿಂತ ಚೆನ್ನಾಗಿ ಮಷೀನು ನಡೆಸುತ್ತಿದ್ದಳು. ಡಿಗ್ರಿಯವರು ಮೇಲೆ ಕೂತಿದ್ದರು. ನಾನು ಅತ್ತ ಅಲ್ಲ, ಇತ್ತ ಅಲ್ಲ.

ಆಮೇಲೆ ಆಮೇಲೆ ದಾರಿ ಕಂಡಿತು. ತಯಾರಾದ ಮಾಲನ್ನು ತಪಾಸಣೆ ಮಾಡುವ ವಿಭಾಗದಲ್ಲಿ ಒಬ್ಬರು ಬಿಟ್ಟುಹೋದರು, ನನ್ನನ್ನು ಹಾಕಿದರು. ಗೇರ್ ಚಕ್ರದ ಹಲ್ಲು ಅಳೆಯುವುದು, ಸರಿಯಿಲ್ಲದ್ದನ್ನು ತೆಗೆದಿಡುವುದು. ಯಾರು ಏನೇ ಹೇಳಿದರೂ ನಂಬದೆ ಅಳೆದು ನೋಡುವುದೇ ಕೆಲಸ. ಸಂಶಯಕ್ಕೆ ಪಗಾರ ಕೊಡುತ್ತಾರೆಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನಕಾಶೆ ಓದಲು ಬರುತ್ತಿತ್ತು, ಅದು ಡಿಪ್ಲೊಮಾ ಕೊಟ್ಟದ್ದು. ಬಾಲ ಎತ್ತಿ ನೋಡುವ ಬುದ್ಧಿ ಅಪ್ಪ ಕೊಟ್ಟದ್ದು. ಎರಡು ವರ್ಷಕ್ಕೆ ಕಾಯಂ ಆದೆ. ಕುರಿಯಿಲ್ಲದೆಯೇ ಮದುವೆಯೂ ಆಯಿತು, ಗಂಡನ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂದು ಈಗಲೂ ಯೋಚಿಸುತ್ತೇನೆ.

ಹಬ್ಬಕ್ಕೆ ವಾಗದರಿಗೆ ಹೋದಾಗಲೆಲ್ಲ ಅಂಗಳದಲ್ಲಿ ಕೂತು ನನ್ನ ಗೋಳು ಹೇಳುತ್ತಿದ್ದೆ. ನಿಂತು ನಿಂತು ಕಾಲು ಬಾತುಕೊಳ್ಳುತ್ತವೆ, ಪಾಳಿ ಬದಲಾದರೆ ನಿದ್ದೆಯಿಲ್ಲ, ಪಗಾರ ಬಾಡಿಗೆಗೇ ಸಾಲದು, ಇದಕ್ಕಿಂತ ಕುರಿ ಕಾಯುವುದೇ ಲೇಸು. ಅಪ್ಪ ಎಲೆಅಡಿಕೆ ಹಾಕಿಕೊಳ್ಳುತ್ತ ಕೇಳುತ್ತಿದ್ದ. ಆದರೆ ನೆರೆಯವರು ಬಂದು ನನ್ನ ಬಗ್ಗೆ ಕೇಳಿದರೆ, “ಏನದ? ಕುರಿ ಹ್ವಾದ್ವು, ಕಾಗದ ಬಂತು” ಎಂದುಬಿಡುತ್ತಿದ್ದ. ಆ ಮಾತು ನನಗೆ ಪ್ರತಿ ಸಲವೂ ಚುಚ್ಚಿದೆ. ಮಗಳು ಕಾಯಂ ಆದರೂ ಈ ಮನುಷ್ಯನಿಗೆ ಸಮಾಧಾನವಿಲ್ಲವಲ್ಲ ಎಂದು ನಾನು ಮುಂದಿನ ಹಬ್ಬಕ್ಕೆ ಇನ್ನಷ್ಟು ಗೋಳು ಕೂಡಿಸಿಕೊಂಡು ಹೋಗುತ್ತಿದ್ದೆ.

ಇದೆಲ್ಲ ತಲೆಯಲ್ಲಿ ಕುದಿಯುತ್ತಿರುವಾಗಲೇ ವಾಗದರಿಯಲ್ಲಿ ಇಳಿದೆ. ದೊಡ್ಡಿಯ ಬೇವಿನ ಕೆಳಗೆ ಅಪ್ಪ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ. ಮಳೆಗಾಲ ಹಿಡಿಯುವ ಮೊದಲು ಅದು ಮುಗಿಯಬೇಕು. ತಂಗಿ ಕುರಿಯ ಕಾಲು ಅದುಮಿ ಹಿಡಿದು ಕೂತಿದ್ದಳು. ನನ್ನನ್ನು ಕಂಡು ಕಣ್ಣಲ್ಲೇ ಶುರು ಮಾಡು ಎಂದಳು. ನಾನು ಚಪ್ಪಲಿಯನ್ನೂ ಬಿಡಲಿಲ್ಲ.

“ಹನ್ನೂರಾವ ಚಾ ಕುಡಿಯಾಕ ಬಂದಿದ್ದನಲ್ಲ, ಅವತ್ತೇ ನನಗ ತಿಳೀತು. ತಂಗಿನ ಅವನ ಮಗಗ ಮಾಡಿಕೊಡಾಕ ನಿಂತೀಯಲ್ಲ ಅಪ್ಪಾ? ಕುರಿ ಮಾರಿದ್ರ ಅವ ಒಲ್ಲೆ ಅಂತಾನ, ಅದಕ್ಕ ಡಿಪ್ಲೊಮಾ ಬ್ಯಾಡ ಆಗ್ಯಾದ.”

ಅಪ್ಪನ ಕತ್ತರಿ ನಿಂತಿತು. “ಯಾರ ಹೇಳಿದ್ರು ನಿನಗ?”

“ಹೇಳಬೇಕೇನು? ತಿಳೀತದ.”

“ನಾನೇ ಕರಸಿದ್ದೆ ಅವನ್ನ,” ಅಪ್ಪ ಕುರಿಯ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಹೇಳಿದ. “ನಿನ್ನ ಕುರಿ ಸಂತಾನದಾಗ ನಾಕಾರು ತಿರುಗಿ ಕೊಡು ಅಂತ ಕೇಳಿದೆ. ಬೆಲಿ ಎಷ್ಟರ ಆಗಲಿ ಅಂದೆ. ಅವ ಕೊಡಂಗಿಲ್ಲ ಅಂದ.”

ನನಗೆ ಅರ್ಥವಾಗಲಿಲ್ಲ. ಯಾಕೆ ಎಂದು ಕೇಳಿದೆ.

“ಯಾಕಂದ್ರ? ನಿನಗ ಕೊಡಾಕ. ಕಾಲು ಬಾಯ್ತಾವ ಅಂದಿ. ನಿದ್ದಿ ಇಲ್ಲ ಅಂದಿ. ಹೋದ ನಾಗರಪಂಚಮಿಗಿ ಬಂದಾಗ, ಪಗಾರ ಬಾಡಗಿಗೇ ಹೋಗ್ತದ ಅಂದಿ. ಅದರ ಹಿಂದಿನ ದೀಪಾವಳಿಗಿ, ಕುರಿ ಕಾಯೂದೇ ಛಲೋ ಇತ್ತು ಅಂದಿ.” ನಾನು ಆಡಿ ಮರೆತ ಗೋಳುಗಳನ್ನೆಲ್ಲ ಅವನು ಹಬ್ಬದ ಹೆಸರು ಹಿಡಿದು ಹೇಳುತ್ತ ಹೋದ. “ಗೇಟಿನ ಮುಂದ ನಾ ನೋಡಿದ್ದೆ ಆ ಹುಡುಗರನ್ನ. ಕಣ್ಣಾರೆ ನೋಡಿ, ನೀ ಹೇಳಿದ ಮಾತ ಕೇಳಿ ನಿನ್ನ ಕುರಿ ಮಾರಿಸಿ ಹಾಳ ಮಾಡಿದೆ. ಇನ್ನೊಬ್ಬಾಕಿನ ಮಾಡಂಗಿಲ್ಲ.”

ನನ್ನ ಗೋಳನ್ನು ಅವನು ನಂಬಿದ್ದ! ಜಗತ್ತಿನಲ್ಲಿ ಯಾರ ಮಾತನ್ನೂ ನಂಬದ ಮನುಷ್ಯ, ಕೊಂಡವನ ಬೈಗುಳ ಕೇಳಿ ನಗುವ ಮನುಷ್ಯ, ನನ್ನದನ್ನು ಅಕ್ಷರಕ್ಕೆ ಅಕ್ಷರ ನಂಬಿ ಇಷ್ಟು ವರ್ಷ ಒಳಗೆ ಸುಟ್ಟುಕೊಂಡಿದ್ದ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ.

“ನೀನರ ಏನ ಕಡಿಮಿ? ಕುರಿ ಹ್ವಾದ್ವು, ಕಾಗದ ಬಂತು ಅಂತ ಊರಿಗೆಲ್ಲಾ ಹೇಳ್ತಿದ್ದಿ.”

“ಮಂದಿ ಮುಂದ ಮತ್ತೇನ ಅನ್ನಲಿ?” ಅಪ್ಪನಿಗೆ ಈಗ ನಿಜವಾಗಿ ಸಿಟ್ಟು ಬಂತು. “ನನ್ನ ಮಗಳು ಕಾಯಂ ಆಗ್ಯಾಳ, ಆಕಿ ಹೂಂ ಅನ್ನೂತನಕ ಕಂಪನಿ ಟ್ರಕ್ ಹೊರಡಂಗಿಲ್ಲ ಅಂತ ಡಂಗುರ ಹೊಡೀಲ್ಯಾ? ದೃಷ್ಟಿ ತಾಗಿದ್ರ ನೀ ಬಂದು ತಗೀತಿದ್ಯೇನು?”

ಟ್ರಕ್ಕಿನ ಮಾತು ಅವನಿಗೆ ಹೇಗೆ ಗೊತ್ತು? ನಾನು ಹೇಳಿರಲಿಲ್ಲ. ತಂಗಿಯ ಮುಂದೆ ಒಮ್ಮೆ ಆಡಿದ್ದೆ. ಅವಳನ್ನು ನೋಡಿದೆ. ಅವಳು ಕುರಿಯ ಕಾಲು ಬಿಡದೆ ನನ್ನನ್ನೇ ನೋಡುತ್ತಿದ್ದಳು.

“ಅಕ್ಕಾ, ಒಂದ ಕೇಳ್ತೀನಿ. ಆ ಹನ್ನೂರಾವ ಈಗ ನಿನ್ನ ಕುರಿ, ಅವು ಈದದ್ದೆಲ್ಲಾ, ಇಡೀ ಹಿಂಡ ಹೊಡಕೊಂಡ ಬಂದು ಇಲ್ಲಿ ನಿಂದ್ರಿಸಿದ್ರ, ನಿನ್ನ ಡಿಪ್ಲೊಮಾ, ನೋಕರಿ, ಎಲ್ಲಾ ತಿರುಗಿ ಕೊಡ್ತೀ ಏನು?”

“ಹುಚ್ಚಿ ಅದಿ ಏನ? ಇಲ್ಲ!”

ತೂಗಿ ನೋಡುವ ಮೊದಲೇ ಮಾತು ಹೊರಗೆ ಬಿದ್ದಿತ್ತು. ಕಾಲು ಬಾಯುವುದು ಸುಳ್ಳಲ್ಲ, ಪಗಾರ ಸಾಲದ್ದೂ ಸುಳ್ಳಲ್ಲ. ಆದರೆ ನಾನು ಸರಿಯಿಲ್ಲ ಎಂದ ಮಾಲನ್ನು ಮೇಲಿನ ಡಿಗ್ರಿಯವರೂ ನನ್ನನ್ನು ಕೇಳದೆ ಕಳಿಸುವುದಿಲ್ಲ. ಆ ಹೊತ್ತಿಗೆ ನಾನು ಯಾರ ಮಗಳು, ಯಾರ ಹೆಂಡತಿ, ನನ್ನ ಹಿಂದೆ ಎಷ್ಟು ಕುರಿ ಬಂದವು ಎಂದು ಯಾರೂ ಕೇಳುವುದಿಲ್ಲ. ಅದನ್ನು ನಾನು ಪ್ರಾಣದಂತೆ ಇಟ್ಟುಕೊಂಡಿದ್ದೆ. ಪ್ರಾಣದಂತೆ ಇಟ್ಟುಕೊಂಡದ್ದಕ್ಕೇ, ಕುರಿ ಕೊಂಡವನಂತೆ, ಅದನ್ನು ಬೈದಿದ್ದೆ.

ಅಪ್ಪ ಎದ್ದು ನಿಂತ. “ಖರೇನಾ?”

“ಖರೇ.”

“ಬೀರೋಬಾನ ಆಣಿ?”

“ಬೀರೋಬಾನ ಆಣಿ.”

ಆಗಲೂ ಅವನು ಪೂರ್ತಿ ನಂಬಿದಂತೆ ಕಾಣಲಿಲ್ಲ. ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ರುಮಾಲಿನ ತುದಿಯಿಂದ ಮೂಗು ಒರೆಸಿಕೊಂಡು, “ನಾಳಿ ಮುಂಜಾನೆ ಅಕ್ಕಲಕೋಟಕ್ಕ ಹೋಗಿ ಫಾರ್ಮ್ ತುಂಬೂಣು” ಎಂದ.

ನನಗೆ ನಗುವೂ ಅಳುವೂ ಒಟ್ಟಿಗೆ ಬಂತು. ಖುಷಿಪಡುತ್ತಾಳೆಂದು ತಂಗಿಯ ಕಡೆ ತಿರುಗಿದೆ. ಅವಳ ಮುಖದಲ್ಲಿ ಖುಷಿಯಿರಲಿಲ್ಲ. ಕುರಿಯ ಕಾಲು ಬಿಟ್ಟು ಎದ್ದು ನಿಂತಳು.

“ಇಷ್ಟ ವರ್ಷ ಇಬ್ಬರಿಗೂ ದೃಷ್ಟಿ ತಾಗಲಿಲ್ಲ, ಛಲೋ ಆತು,” ಅಂದಳು. “ನಿಮ್ಮಿಬ್ಬರ ನಡುವ ಕುಂತು ಎಲ್ಲಾ ಕೇಳಿದಾಕಿ ನಾನು. ನಾ ಇವತ್ತ ಕೇಳಲಾರದ ಸುಮ್ಮ ಕುಂತಿದ್ರ, ನಿಮ್ಮ ಬೈಗುಳಕ್ಕ ನನ್ನ ಡಿಪ್ಲೊಮಾ ಹೋಗ್ತಿತ್ತಲ್ಲ?”